ಸಣ್ಣ ಗೇಟಿನ ಎರಡು ಬೀಗ

ಬೀಗದಕ್ಕನಿಗೆ ಆ ಹೆಸರು ಪುಕ್ಕಟೆ ಬಂದದ್ದಲ್ಲ. ನಲವತ್ತೆರಡು ವರ್ಷ ಒಂದೇ ಮೂಲೆಯಲ್ಲಿ ಕೂತು, ಬೀದಿಯವರ ಬಾಗಿಲು, ಬೀರು, ಸೈಕಲ್ಲು, ಕೊನೆಗೆ ಒಬ್ಬ ಸಂಗೀತದ ಮೇಷ್ಟ್ರ ಪಿಟೀಲಿನ ಪೆಟ್ಟಿಗೆಯ ಬೀಗವನ್ನೂ ತೆಗೆದುಕೊಟ್ಟು ಸಂಪಾದಿಸಿದ ಹೆಸರು. ಅವಳ ಅಂಗಡಿ ಎಷ್ಟು ದೊಡ್ಡದು ಅಂದುಕೊಂಡಿರಿ? ಇಬ್ಬರು ನಿಂತರೆ ಮೂರನೆಯವನು ಹೊಟ್ಟೆ ಒಳಗೆಳೆದುಕೊಳ್ಳಬೇಕು. ಒಂದು ಮರದ ಬೆಂಚು, ಕೀಯನ್ನು ಅದುಮಿ ಹಿಡಿಯಲು ಅದಕ್ಕೆ ಬಿಗಿದ ವೈಸು, ಗೋಡೆಯ ಮೊಳೆಗಳಲ್ಲಿ ಸಾಲಾಗಿ ತೂಗುವ ಇನ್ನೂ ಹಲ್ಲು ಮೂಡದ ಕೀಲಿಕೈಗಳು, ಹಳೆಯ ಡಬ್ಬಿಯೊಂದರಲ್ಲಿ ಹನ್ನೊಂದು ಅರ. ಇಷ್ಟರಲ್ಲೇ ಅವಳ ರಾಜ್ಯಭಾರ.

ಕೆಲಸ ಕಲಿಸಿದವನು ಅಪ್ಪ. ಗಂಡುಮಕ್ಕಳು ಇಬ್ಬರಿದ್ದರು, ಒಬ್ಬನಿಗೆ ಕೈ ನಡುಗುತ್ತಿತ್ತು, ಇನ್ನೊಬ್ಬನಿಗೆ ಒಂದು ಕಡೆ ಕೂತರೆ ಇರುವೆ ಕಚ್ಚುತ್ತಿತ್ತು. ಹದಿನಾರರ ಮಗಳು ಮಾತ್ರ ಪಕ್ಕದಲ್ಲಿ ಕೂತು, ಅರ ಎಳೆಯುವ ಸದ್ದಿನಲ್ಲೇ ಹಲ್ಲು ಸರಿ ಬಂತೋ ಇಲ್ಲವೋ ಹೇಳುತ್ತಿದ್ದಳು. ಅಪ್ಪ ಅವಳಿಗೆ ಅರದ ಜೊತೆಗೆ ಒಂದು ಕಟ್ಟಳೆಯನ್ನೂ ಕೊಟ್ಟ. "ಬೀಗದ ಯಜಮಾನ ಎದುರಿಗೆ ಬಂದು ನಿಲ್ಲದೆ ಕೀ ಮಾಡಬೇಡ. ಅಚ್ಚು ನೋಡಿ ಮಾಡಬೇಡ, ಚಿತ್ರ ನೋಡಿ ಮಾಡಬೇಡ, ಹೆಂಡತಿ ಕಳಿಸಿದ್ಲು ಅಂದ್ರೂ ಮಾಡಬೇಡ. ದೇವರೇ ಬಂದ್ರೂ, ಸ್ವಾಮಿ, ನಿಮ್ಮ ಮನೆ ಯಾವುದು ಅಂತ ಕೇಳು."

ಅವಳು ಕೇಳಿದಳು. ಎಲ್ಲರನ್ನೂ ಕೇಳಿದಳು. ಮೂವತ್ತು ವರ್ಷದಿಂದ ಎದುರು ಮನೆಯಲ್ಲಿರುವವರು ಬಂದು ಕೀ ಕಳೆದುಹೋಯಿತು ಎಂದರೂ, ಅಂಗಡಿ ಮುಚ್ಚಿ, ಅವರ ಹಿಂದೆಯೇ ಹೋಗಿ, ಬಾಗಿಲ ಮುಂದೆ ನಿಂತು, ಆಮೇಲೆ ಕೆಲಸ ಶುರು. ಬೀದಿಯವರಿಗೆ ಇದು ತಮಾಷೆಯಾಗಿತ್ತು. "ಬೀಗದಕ್ಕ ತನ್ನ ಮನೆ ಕೀ ಮಾಡ್ಕೋಬೇಕಾದ್ರೆ ಕನ್ನಡಿ ಮುಂದೆ ನಿಂತ್ಕೋತಾಳೆ" ಎಂದು ನಗುತ್ತಿದ್ದರು. ಅವಳೂ ನಗುತ್ತಿದ್ದಳು, ಆದರೆ ಕಟ್ಟಳೆ ಕೂದಲೆಳೆಯಷ್ಟೂ ಸಡಿಲವಾಗಲಿಲ್ಲ.

ಮದುವೆಯಾದದ್ದೂ ಈ ಕಟ್ಟಳೆಯಿಂದಲೇ. ಬಸ್ ಓಡಿಸುವ ಹುಡುಗನೊಬ್ಬ ಹಿಂದಿನ ಬೀದಿಯಲ್ಲಿ ರೂಮು ಮಾಡಿಕೊಂಡಿದ್ದ. ಒಂದೇ ವರ್ಷದಲ್ಲಿ ಅವನು ಆರು ಸಲ ಕೀ ಕಳೆದುಕೊಂಡ. ಆರು ಸಲವೂ ಅಪ್ಪ ಅವನ ಹಿಂದೆ ರೂಮಿನವರೆಗೆ ನಡೆದ, ಆರು ಸಲವೂ ಅಂಗಡಿಯಲ್ಲಿ ಕೂತು ಕೀ ಮಾಡಿದವಳು ಮಗಳು. ಏಳನೆಯ ಸಲ ಬಂದಾಗ ಅಪ್ಪ ಕನ್ನಡಕ ತೆಗೆದು, "ಇವನಿಗೆ ಪದೇ ಪದೇ ಕೀ ಕೊಡೋದಕ್ಕಿಂತ ಮಗಳನ್ನೇ ಕೊಟ್ಟುಬಿಡೋದು ಸುಲಭ" ಎಂದ. ಮದುವೆಯಾದ ಮೇಲೆ ಅವನು ಒಂದು ಕೀಯನ್ನೂ ಕಳೆದುಕೊಳ್ಳಲಿಲ್ಲ. ಬೀದಿಯವರೆಲ್ಲ ಅವಳಿಗೆ ತಮ್ಮಂದಿರು, ತಂಗಿಯರು ಆದ್ದರಿಂದ ಅವನು ಎಲ್ಲರಿಗೂ ಡ್ರೈವರ್ ಭಾವನಾದ.

ಇನ್ನು ಗೋಡೆಯಾಚೆಯ ಕಥೆ. ಅಲ್ಲಿರುವುದು ಯೂನಿವರ್ಸಿಟಿ. ಅವಳು ಅರ ಹಿಡಿಯಲು ಕಲಿತಾಗ ಅಲ್ಲಿದ್ದದ್ದು ಎರಡು ಕಟ್ಟಡ ಮತ್ತು ಒಂದು ಬಯಲು. ಬಯಲಿನ ನಡುವೆ ಕಾಲುದಾರಿ, ಅದರಲ್ಲಿ ಬೀದಿಯವರ ಓಡಾಟ. ಆಮೇಲೆ ವರ್ಷಕ್ಕೊಂದರಂತೆ ಕಟ್ಟಡಗಳು ಎದ್ದವು. ಬೆಳಗ್ಗೆ ಎದ್ದು ನೋಡಿದರೆ ಆಕಾಶ ಒಂದು ಗೇಣು ಕಡಿಮೆಯಾಗಿರುತ್ತಿತ್ತು. ಕೊನೆಗೆ ಎರಡು ಆಳೆತ್ತರದ ಕಾಂಪೌಂಡೂ ಬಂತು. ಬೀದಿಯವರು ಗಲಾಟೆ ಮಾಡಿದ್ದಕ್ಕೆ ಕಾಲುದಾರಿ ಇದ್ದ ಕಡೆ ಒಂದು ಸಣ್ಣ ಗೇಟು ಬಿಟ್ಟರು. ಅದು ಬೀಗದಕ್ಕನ ಅಂಗಡಿಯಿಂದ ಎಂಟು ಹೆಜ್ಜೆ.

ಗೋಡೆ ಎದ್ದ ಮೇಲೆ ಎರಡೂ ಕಡೆಯವರಿಗೆ ಇನ್ನೊಂದು ಕಡೆಯವರ ತಪ್ಪುಗಳು ಎದ್ದು ಕಾಣತೊಡಗಿದವು. ವಿದ್ಯಾರ್ಥಿಗಳು ಮನೆ ಬಾಗಿಲಿಗೇ ಅಡ್ಡಲಾಗಿ ಬೈಕು ನಿಲ್ಲಿಸುತ್ತಾರೆ, ಮಲಗಿದ್ದ ಕೂಸುಗಳನ್ನು ಹಾಡು ಹಾಕಿ ಎಬ್ಬಿಸುತ್ತಾರೆ ಎಂದು ಬೀದಿಯವರ ದೂರು. ಬೀದಿಯವರು ಲೈಬ್ರರಿ ಮುಂದಿನ ಹುಲ್ಲಿನ ಮೇಲೆ ಬೆಡ್‌ಶೀಟು ಒಣಹಾಕುತ್ತಾರೆ, ಬೈಕಿನ ಗಾಳಿ ಬಿಡುತ್ತಾರೆ ಎಂದು ಅವರ ದೂರು. ಎರಡೂ ನಿಜವೇ, ಅದೇ ತೊಂದರೆ. ಸುಳ್ಳಾಗಿದ್ದರೆ ಜಗಳ ಬೇಗ ಮುಗಿಯುತ್ತಿತ್ತು.

ಬೀಗದಕ್ಕ ಈ ಜಗಳದಲ್ಲಿ ಯಾವ ಕಡೆಗೂ ಸೇರಿರಲಿಲ್ಲ, ಯಾಕೆಂದರೆ ಆ ಗೇಟಿನಾಚೆ ಅವಳ ಜೀವ ಇತ್ತು. ಎರಡು ವರ್ಷದ ಹಿಂದೆ ಡ್ರೈವರ್ ಭಾವನಿಗೆ ಪಾರ್ಶ್ವವಾಯು ಹೊಡೆದು ಬಲಗೈ, ಬಲಗಾಲು ಬಿದ್ದುಹೋಗಿದ್ದವು. ಇಪ್ಪತ್ತೆಂಟು ವರ್ಷ ಐವತ್ತು ಜನರನ್ನು ಕೂರಿಸಿಕೊಂಡು ಓಡಿಸಿದವನು ಚಮಚ ಎತ್ತಲಾರದೆ ಹೆಂಡತಿಯ ಮುಖ ನೋಡುತ್ತಿದ್ದ. ಯೂನಿವರ್ಸಿಟಿಯ ಒಳಗೆ ಫಿಸಿಯೋಥೆರಪಿ ಕಲಿಸುವ ವಿಭಾಗವಿತ್ತು, ಬೀದಿಯವರಿಗೂ ಅಲ್ಲಿ ಚಿಕಿತ್ಸೆ ಸಿಗುತ್ತಿತ್ತು. ಗೇಟಿನಿಂದ ಅದರ ಬಾಗಿಲಿಗೆ ಇನ್ನೂರು ಹೆಜ್ಜೆ, ಅವನ ಹೆಜ್ಜೆಯಲ್ಲಿ ನಾನೂರು. ಅಲ್ಲಿ ಓದುವ ಒಬ್ಬ ಹುಡುಗಿ, ಗಟ್ಟಿ ಧ್ವನಿಯವಳು, ಗಟ್ಟಿ ಕೈಯವಳು, ಅವನನ್ನು ಹಟ ಹಿಡಿದು ಎಬ್ಬಿಸಿದಳು. ಎತ್ತಿಕೊಂಡು ಹೋಗಬೇಕಾಗಿದ್ದವನು ಕೈ ಹಿಡಿದುಕೊಂಡು ನಡೆದ, ಆಮೇಲೆ ಕೋಲೂರಿ ನಡೆದ. ಮುಷ್ಟಿ ಕಟ್ಟಿದ್ದ ಬೆರಳು ಒಂದೊಂದಾಗಿ ಬಿಡಿಸಿಕೊಂಡವು. "ಅಂಕಲ್, ಇಲ್ಲಿಗೆ ದಿನಾ ನಡೆದು ಬರೋದೇ ಅರ್ಧ ಚಿಕಿತ್ಸೆ. ಉಳಿದರ್ಧ ನಾನು ಬೈಯೋದು" ಎಂದು ಆ ಹುಡುಗಿ ಹೇಳುತ್ತಿದ್ದಳು.

ಹೀಗಿರುವಾಗ ಯೂನಿವರ್ಸಿಟಿಯ ಕಂಪ್ಯೂಟರ್ ಕೋಣೆಯಲ್ಲಿ ಕಳ್ಳತನವಾಯಿತು. ರಜೆ ಮುಗಿಸಿ ಬಂದು ನೋಡಿದರೆ ನಾಲ್ಕು ಕಂಪ್ಯೂಟರ್ ಮಾಯ. ಬೀಗ ಬದಲಿಸಲು ಬೀಗದಕ್ಕನನ್ನೇ ಕರೆಸಿದರು. ಅವಳು ಹಳೆಯ ಬೀಗವನ್ನು ಬೆಳಕಿಗೆ ಹಿಡಿದು ನೋಡಿ, "ಇದನ್ನ ಒಡೆದಿಲ್ಲ, ಕೀ ಹಾಕಿ ತೆಗೆದಿದಾರೆ" ಎಂದಳು. ಅಲ್ಲಿನ ಗುಮಾಸ್ತ "ನಿಮ್ಮ ಕೆಲಸ ನೀವು ನೋಡ್ಕೊಳ್ಳಿ" ಎಂದ. ಅವಳು ಹಳೆಯ ಬೀಗವನ್ನು ಚೀಲಕ್ಕೆ ಹಾಕಿಕೊಂಡು ಬಂದಳು. ಊರೆಲ್ಲ ಸೂರೆಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಎನ್ನುವ ಹಾಗೆ ಮಾರನೆಯ ದಿನವೇ ಸಣ್ಣ ಗೇಟು ಮುಚ್ಚಿತು. ಕಳ್ಳರು ಯಾರೆಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಆದರೆ ಬೀದಿಯವರಿಗೆ ಹೇಳಿದ್ದು ಕೇಳಿಸಿತು.

ಬೀದಿಗೆ ಹಿರಿಯರು ಹಿಟ್ಟಿನ ಗಿರಣಿಯ ಯಜಮಾನರು. ದೊಡ್ಡ ಮೀಸೆ, ಅದಕ್ಕಿಂತ ದೊಡ್ಡ ಧ್ವನಿ, ಗಿರಣಿಯ ಸದ್ದಿನ ಮೇಲೆ ಮಾತಾಡಿ ಮಾತಾಡಿ ಗುಟ್ಟು ಹೇಳಿದರೂ ಮೂರು ಮನೆಗೆ ಕೇಳುತ್ತಿತ್ತು. ಆಚೆ ಕಡೆಯವರು ಯೂನಿವರ್ಸಿಟಿಯ ಕಟ್ಟಡ, ಗೋಡೆ, ನೀರು, ದೀಪ ನೋಡಿಕೊಳ್ಳುವ ಅಧಿಕಾರಿ. ಬೀದಿಯವರು ಅವರಿಗೆ ಕಾಂಪೌಂಡ್ ಸಾಹೇಬರು ಎಂದು ಹೆಸರಿಟ್ಟಿದ್ದರು. ಇಬ್ಬರೂ ಕೂತು ರಾಜಿ ಮಾತಾಡಿದರು. ಗೇಟು ಬೆಳಗ್ಗೆ ಆರಕ್ಕೆ ತೆರೆಯುವುದು, ರಾತ್ರಿ ಎಂಟಕ್ಕೆ ಮುಚ್ಚುವುದು. ಸರಿ, ಕೀ ಯಾರ ಹತ್ತಿರ? ನೀವು ಹೊತ್ತಿಗೆ ತೆಗೆಯುತ್ತೀರೆಂದು ನಮಗೆ ನಂಬಿಕೆಯಿಲ್ಲ ಎಂದರು ಇವರು. ನೀವು ಹೊತ್ತಿಗೆ ಮುಚ್ಚುತ್ತೀರೆಂದು ನಮಗೆ ನಂಬಿಕೆಯಿಲ್ಲ ಎಂದರು ಅವರು. ಹಾಗಾದರೆ ಚಿಲಕಕ್ಕೆ ಎರಡು ಬೀಗ ಹಾಕೋಣ, ಒಂದು ನಿಮ್ಮದು, ಒಂದು ನಮ್ಮದು ಎಂದು ತೀರ್ಮಾನವಾಯಿತು. ಎರಡೂ ಬೀಗ ಕೊಳ್ಳಲು ಇಬ್ಬರೂ ಬೀಗದಕ್ಕನ ಅಂಗಡಿಗೆ ಬಂದರು.

"ಒಂದೇ ಚಿಲಕಕ್ಕೆ ಎರಡು ಬೀಗ ಬೇಡ ಸಾರ್," ಎಂದಳು ಬೀಗದಕ್ಕ. "ಹಾಗೆ ಹಾಕಿದ್ರೆ ಇಬ್ರೂ ಒಟ್ಟಿಗೆ ಬಂದ್ರೆ ಮಾತ್ರ ಗೇಟು ತೆಗೆಯುತ್ತೆ."

"ಅದಕ್ಕೇ ಅಲ್ವೇನಮ್ಮ ಹಾಕಿಸ್ತಿರೋದು!" ಎಂದರು ಇಬ್ಬರೂ ಒಟ್ಟಿಗೆ. ಅವರಿಬ್ಬರು ಒಂದೇ ಮಾತು ಹೇಳಿದ್ದು ಅದೇ ಮೊದಲು.

ಆಮೇಲಿನದು ಎತ್ತು ಏರಿಗೆ, ಕೋಣ ನೀರಿಗೆ. ಮೊದಲನೆಯ ದಿನ ಯಜಮಾನರು ಆರಕ್ಕೆ ಸರಿಯಾಗಿ ಬಂದರು, ಯೂನಿವರ್ಸಿಟಿಯ ಕೀ ಹಿಡಿದ ಕಾವಲುಗಾರ ಬದಲಿ ಬರುವವನಿಗೆ ಕಾಯುತ್ತ ದೊಡ್ಡ ಗೇಟಿನಲ್ಲಿದ್ದ. ಎರಡನೆಯ ದಿನ ಕಾವಲುಗಾರ ಬಂದು ಕಾದ, ಯಜಮಾನರು ನಿನ್ನೆಯ ಸಿಟ್ಟಿಗೆ ಬೇಕೆಂದೇ ಏಳಕ್ಕೆ ಬಂದರು. ಐದನೆಯ ದಿನ ಅವರು ಕೀಯನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡೇ ನೆಂಟರ ಮದುವೆಗೆ ಪರವೂರಿಗೆ ಹೋದರು. ಮೂರು ದಿನ ಗೇಟಿಗೆ ಗ್ರಹಣ. ಅವರು ಬಂದಾಗ ಯೂನಿವರ್ಸಿಟಿಯ ಕೀ ಸಾಹೇಬರ ಮೇಜಿನೊಳಗೆ, ಸಾಹೇಬರು ಮೀಟಿಂಗಿನೊಳಗೆ. ಇಬ್ಬರೂ ಒಬ್ಬರ ಮೇಲೊಬ್ಬರು ಬೆಟ್ಟು ಮಾಡಿದರು. ಗೇಟು ಮಾತ್ರ ಎರಡು ಬೀಗ ತೊಟ್ಟು ಮದುಮಗಳ ಹಾಗೆ ತಲೆ ತಗ್ಗಿಸಿ ನಿಂತಿತ್ತು.

ಡ್ರೈವರ್ ಭಾವ ದಿನವೂ ಏಳು ಗಂಟೆಗೆ ಶೂ ಹಾಕಿಸಿಕೊಂಡು ಅಂಗಡಿಯ ಮುಂದಿನ ಸ್ಟೂಲಿನ ಮೇಲೆ ಕೂರುತ್ತಿದ್ದ. ಎಂಟಾಗುತ್ತಿತ್ತು, ಒಂಬತ್ತಾಗುತ್ತಿತ್ತು. "ಇವತ್ತೂ... ಇಲ್ವಾ?" ಎನ್ನುತ್ತಿದ್ದ. ಮುಖ್ಯರಸ್ತೆ ಸುತ್ತಿ ಹೋದರೆ ಎರಡು ಮೈಲಿ, ಲಾರಿಗಳ ಓಡಾಟ. ಅವಳು ಬಾಡಿಗೆ ಗಾಡಿಯಲ್ಲಿ ಕರೆದುಕೊಂಡು ಹೋಗಿ ನೋಡಿದಳು. ಆದರೆ ಗಾಡಿಯಲ್ಲಿ ಕೂತು ಹೋಗುವವನಿಗೆ ಕಾಲು ಬರುವುದು ಹೇಗೆ? ಒಂದು ದಿನ ಆ ಹುಡುಗಿಯೇ ಸೈಕಲ್ ತುಳಿದುಕೊಂಡು ಸುತ್ತಿ ಬಂದಳು. ಭಾವನ ಕೈ ಹಿಡಿದು ಬೆರಳು ಬಿಡಿಸಿ ನೋಡಿದಳು. ಅವಳ ಗಟ್ಟಿ ಧ್ವನಿ ಮೆತ್ತಗಾಯಿತು.

"ಆಂಟಿ, ಕೈ ಮತ್ತೆ ಮುಚ್ಕೋತಾ ಇದೆ. ಕಾಲೂ ಎಳೀತಿದಾರೆ. ಇನ್ನೊಂದು ತಿಂಗಳು ಹೀಗೇ ಆದ್ರೆ ಇಷ್ಟು ದಿನದ್ದೆಲ್ಲ ನೀರಲ್ಲಿ ಹೋಮ."

ಬೀಗದಕ್ಕ ತಲೆಯಾಡಿಸಿದಳು. ಹುಡುಗಿ ಹೋದ ಮೇಲೆ ವೈಸಿಗೆ ಒಂದು ಕೀ ಸಿಕ್ಕಿಸಿ ಅರ ಎಳೆಯತೊಡಗಿದಳು. ಕೀ ಪೂರ್ತಿ ಸವೆದು ಕಡ್ಡಿಯಾಗುವವರೆಗೆ ಎಳೆದಳು. ಅವಳಿಗೆ ಭಯವಾಗಿತ್ತು.

ಆ ವಾರದಲ್ಲೇ ಗಿರಣಿ ಯಜಮಾನರು ಬೀದಿಯ ಇಬ್ಬರನ್ನು ಕರೆದುಕೊಂಡು ಬಂದರು. ಆಚೀಚೆ ನೋಡಿ, ಕಾಗದದ ಪೊಟ್ಟಣ ಬಿಚ್ಚಿ, ಬೆಂಚಿನ ಮೇಲೆ ಒಂದು ಸೋಪು ಇಟ್ಟರು. ಸೋಪಿನ ಮೇಲೆ ಒಂದು ಕೀಲಿಕೈಯ ಅಚ್ಚು, ಹಲ್ಲುಹಲ್ಲೂ ಸ್ಪಷ್ಟ.

"ಕಾವಲುಗಾರ ಚಹಾ ಕುಡೀವಾಗ ಕೀ ಬೆಂಚಿನ ಮೇಲಿಟ್ಟಿದ್ದ," ಎಂದು ಯಜಮಾನರು ಪಿಸುಗುಟ್ಟಿದರು, ಎಂದರೆ ಬೀದಿಯ ತುದಿಯವರೆಗೆ ಕೇಳುವಂತೆ ಹೇಳಿದರು. "ಒಂದು ಕೀ ಮಾಡಿಕೊಡಕ್ಕಾ. ನಮ್ಮ ಬೀಗದ ಕೀ ನಮ್ಮ ಹತ್ರ ಇದೆ, ಅವರದ್ದೂ ಇದ್ರೆ ಯಾರ ಹಂಗು? ನಮಗಲ್ಲದಿದ್ರೂ ಭಾವನಿಗೋಸ್ಕರ ಮಾಡು."

ಅವಳಿಗೆ ಆಸೆಯಾಗಲಿಲ್ಲ ಎಂದರೆ ಸುಳ್ಳು. ಆ ಬಗೆಯ ಕೀ ಅವಳಿಗೆ ಅರ್ಧ ಗಂಟೆಯ ಕೆಲಸ, ಕಣ್ಣು ಕಟ್ಟಿಕೊಂಡೂ ಮಾಡುತ್ತಿದ್ದಳು. ಪಕ್ಕದ ಸ್ಟೂಲಿನಲ್ಲಿ ಗಂಡ ಕೂತಿದ್ದ, ಶೂ ಹಾಕಿಕೊಂಡು. ಅವನ ಬಲಗೈ ಮಡಿಲಲ್ಲಿ ಮುಚ್ಚಿಕೊಂಡು ಬಿದ್ದಿತ್ತು. ಅವಳು ಸೋಪನ್ನು ಕೈಗೆತ್ತಿಕೊಂಡಳು. ಅಂಚಿಗೆ ಹೆಬ್ಬೆರಳು ಸವರಿದಳು. ಆಮೇಲೆ ಎದ್ದು ಮೂಲೆಯ ನಲ್ಲಿ ತಿರುಗಿಸಿ, ಆ ಸೋಪಿನಲ್ಲೇ ಎರಡೂ ಕೈ ತೊಳೆಯತೊಡಗಿದಳು. ಎಣ್ಣೆ, ಕಬ್ಬಿಣದ ಪುಡಿ ಎಲ್ಲ ಹೋಗುವವರೆಗೆ, ಮೊಣಕೈವರೆಗೆ ನೊರೆ ಬರಿಸಿ ನಿಧಾನವಾಗಿ ತೊಳೆದಳು. ಅಚ್ಚು ಕರಗಿ ಸೋಪು ನುಣ್ಣಗಾಯಿತು.

"ಒಳ್ಳೇ ಸೋಪು," ಎಂದು ವಾಪಸು ಕೊಟ್ಟಳು. "ಬೀಗದ ಯಜಮಾನರನ್ನ ಕರ್ಕೊಂಡು ಬನ್ನಿ, ಕೀ ಮಾಡ್ಕೊಡ್ತೀನಿ."

ಯಜಮಾನರ ಮೀಸೆ ಅದುರಿತು. "ಗಂಡನಿಗಿಂತ ನಿನ್ನ ನೇಮವೇ ಹೆಚ್ಚಾಯ್ತಾ?" ಎಂದು ಹೋದರು. ಸಂಜೆಯೊಳಗೆ ಇಡೀ ಬೀದಿ ಅವಳಿಗೆ ಬೆನ್ನು ತಿರುಗಿಸಿತು. ಆಚೆಯವರ ಏಜೆಂಟು ಎಂದರು, ಕಲ್ಲೆದೆಯವಳು ಎಂದರು. ಮಾತಾಡದೆ ಇದ್ದವರು ಅವಳ ಅಂಗಡಿಯ ಮುಂದೆ ಬಂದಾಗ ಚಪ್ಪಲಿಯ ಸದ್ದು ಜೋರು ಮಾಡಿಕೊಂಡು ಹೋದರು.

ಮನೆಗೆ ಬಂದು ಅವಳು ಗಂಡನ ಶೂ ಬಿಚ್ಚುತ್ತ ಕೇಳಿದಳು, "ನಾನು ಮಾಡಿದ್ದು ತಪ್ಪೇನ್ರೀ?"

ಅವನು ಮಾತು ಹುಡುಕಿಕೊಂಡ. "ನಿಮ್ಮಪ್ಪ... ಆರು ಸಲ... ರೂಮು ತೋರಿಸು ಅಂದ. ನಾನು... ಬೈಕೊಂಡೇ ತೋರಿಸ್ದೆ." ಅರ್ಧ ಮುಖದಲ್ಲಿ ನಕ್ಕ. ಅವಳು ಅವನ ಮೊಣಕಾಲಿಗೆ ತಲೆಯಿಟ್ಟು ಸ್ವಲ್ಪ ಹೊತ್ತು ಅತ್ತಳು, ಆಮೇಲೆ ಎದ್ದು ಅಡುಗೆಗೆ ಹೋದಳು.

ಅತ್ತದ್ದಕ್ಕೆ ಗೇಟು ತೆರೆಯಲಿಲ್ಲ, ಬದಲಿಗೆ ಅದರ ಮೇಲೆ ಯೂನಿವರ್ಸಿಟಿಯ ಒಂದು ಕಾಗದ ಅಂಟಿತು. ಸೋಮವಾರದಿಂದ ಗೇಟನ್ನು ಇಟ್ಟಿಗೆ ಕಟ್ಟಿ ಶಾಶ್ವತವಾಗಿ ಮುಚ್ಚಲಾಗುವುದು. ಗೋಡೆಯಾಚೆ ಇಟ್ಟಿಗೆ ಇಳಿಸುವ ಸದ್ದು ಅವಳ ಅಂಗಡಿಗೇ ಕೇಳಿಸಿತು. ಒಂದು, ಎರಡು ಎಂದು ಎಣಿಸಲು ಹೋಗಿ ನಿಲ್ಲಿಸಿದಳು. ಅಂಗಡಿಯ ಬಾಗಿಲು ಎಳೆದು, ಚೀಲ ಹೆಗಲಿಗೆ ಹಾಕಿಕೊಂಡು, ಎರಡು ಮೈಲಿ ಸುತ್ತಿ ಕಾಂಪೌಂಡ್ ಸಾಹೇಬರ ಕಚೇರಿಗೆ ಹೋದಳು. ಸಾಹೇಬರ ಮೇಜಿನ ಮೇಲೆ ನಕ್ಷೆಗಳ ರಾಶಿ. ಅವರು ತಲೆಯೆತ್ತದೆ ಹೇಳಿದರು.

"ನಿಮ್ಮ ಬೀದಿಯಲ್ಲಿ ನಮ್ಮ ಗೇಟಿನ ಕಳ್ಳ ಕೀ ಮಾಡಿಸೋಕೆ ನೋಡ್ತಿದಾರಂತೆ. ಅಲ್ಲಿ ಕೀ ಮಾಡೋರು ನೀವೊಬ್ರೇ ಅಲ್ವಾ?"

"ಹೌದು ಸಾರ್, ನಾನೊಬ್ಳೇ," ಎಂದಳು ಅವಳು. "ಸೋಮವಾರ ಬೆಳಗ್ಗೆ ಹತ್ತು ನಿಮಿಷ ಗೇಟಿನ ಹತ್ರ ಬನ್ನಿ. ಎಲ್ಲರ ಮುಂದೆ ಮಾತಾಡೋಣ. ಆಮೇಲೂ ಕಟ್ಟಲೇಬೇಕು ಅಂದ್ರೆ ಮೊದಲನೇ ಇಟ್ಟಿಗೆ ನಾನೇ ಇಡ್ತೀನಿ."

ಸಾಹೇಬರು ಈಗ ತಲೆಯೆತ್ತಿದರು. ಕೆಟ್ಟ ಮನುಷ್ಯರಲ್ಲ ಅವರು, ದಿನಕ್ಕೆ ಇನ್ನೂರು ದೂರು ಕೇಳಿ ಕಿವಿ ಬತ್ತಿದವರು. "ಹತ್ತೇ ನಿಮಿಷ" ಎಂದರು.

ಸೋಮವಾರ ಬೆಳಗ್ಗೆ ಗೇಟಿನ ಎರಡೂ ಕಡೆ ಜನ. ಆಚೆ ಸಾಹೇಬರು, ಕಾವಲುಗಾರ, ಕರಣೆ ಹಿಡಿದ ಇಬ್ಬರು ಗಾರೆಯವರು, ತರಗತಿ ತಪ್ಪಿಸಿಕೊಂಡು ಬಂದ ವಿದ್ಯಾರ್ಥಿಗಳು. ಈಚೆ ಇಡೀ ಬೀದಿ, ಮುಂದೆ ಗಿರಣಿ ಯಜಮಾನರು. ನಡುವೆ ಗೇಟಿನ ಸರಳುಗಳು. ಬೀಗದಕ್ಕ ಚೀಲದಿಂದ ಕಂಪ್ಯೂಟರ್ ಕೋಣೆಯ ಹಳೆಯ ಬೀಗ ತೆಗೆದು ಸರಳುಗಳ ಮಧ್ಯೆ ಸಾಹೇಬರಿಗೆ ಕೊಟ್ಟಳು. ಅದರ ಬೆನ್ನು ಬಿಚ್ಚಿ ಒಳಗಿನದು ಕಾಣುವಂತೆ ಮಾಡಿದ್ದಳು.

"ನೋಡಿ ಸಾರ್. ತಂತಿ ಹಾಕಿ ತೆಗೆದಿದ್ರೆ ಒಳಗೆ ಗೀರು ಬಿದ್ದಿರುತ್ತೆ. ಹೊಡೆದು ತೆಗೆದಿದ್ರೆ ಕೊಂಡಿ ಸೊಟ್ಟ ಆಗಿರುತ್ತೆ. ಇದರಲ್ಲಿ ಎರಡೂ ಇಲ್ಲ. ಇದನ್ನ ತೆಗೆದದ್ದು ಇದರದೇ ಕೀ. ಆ ಕೀ ನಮ್ಮ ಬೀದಿಯಲ್ಲಿ ಯಾರ ಹತ್ರಾನೂ ಇಲ್ಲ. ನಿಮ್ಮ ಒಳಗೇ ಇರೋದು."

ಸಾಹೇಬರು ಬೀಗವನ್ನು ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ಎಲ್ಲರೂ ಹೆದರಿದ್ದ ಮಾತನ್ನೇ ಕೇಳಿದರು. "ಇರಬಹುದು. ಆದ್ರೆ ಯಾರೋ ಒಬ್ರು ನಿಮ್ಮ ಹತ್ರ ಒಂದು ನಕಲಿ ಕೀ ಮಾಡಿಸ್ಕೊಂಡಿಲ್ಲ ಅಂತ ನಾನು ಹೇಗೆ ನಂಬ್ಲಿ?"

ಮಾಡಲಿಲ್ಲ ಎನ್ನುವುದಕ್ಕೆ ಯಾರಾದರೂ ಏನು ಸಾಕ್ಷಿ ಕೊಟ್ಟಾರು? ಬೀಗದಕ್ಕ ಗೇಟಿನ ಸರಳು ಹಿಡಿದುಕೊಂಡಳು. ಗಾರೆಯವನೊಬ್ಬ ಕರಣೆಯನ್ನು ಬಕೆಟ್ಟಿನಲ್ಲಿ ಅದ್ದಿದ.

ಆಗ ಗಿರಣಿ ಯಜಮಾನರು ಸಿಡಿದರು. ಒಂದು ವಾರ ಅವಳ ಮುಖ ನೋಡದವರು, ತಮ್ಮ ಬೀದಿಯ ಹೆಣ್ಣುಮಗಳನ್ನು ಹೊರಗಿನವರು ಹಾಗೆ ಅಂದದ್ದನ್ನು ಕೇಳಿ ತಡೆಯಲಾರದೆ ಹೋದರು. "ಏನ್ರೀ ಮಾತು ಅದು! ಅವಳು ಯಾರಿಗೂ ಮಾಡಿಕೊಡಲ್ಲ ಕಣ್ರೀ! ನಾನೇ ಖುದ್ದಾಗಿ ಸೋಪಿನ ಮೇಲೆ ನಿಮ್ಮ ಕೀ ಅಚ್ಚು ತೆಗೆದುಕೊಂಡು ಹೋಗಿದ್ದೆ, ಗಂಡನಿಗೋಸ್ಕರ ಮಾಡು ಅಂತ ಅಂಗಲಾಚಿದೆ, ನಮ್ಮ ಮುಂದೇನೇ ಆ ಸೋಪಲ್ಲಿ ಕೈ ತೊಳ್ಕೊಂಡ್ಲು! ಬೇಕಾದ್ರೆ ಇವರಿಬ್ಬರನ್ನ ಕೇಳಿ!"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರನ್ನು ಕಂಡಿದ್ದೇವೆ, ಯಜಮಾನರು ಕುಂಬಳಕಾಯಿಯನ್ನೇ ಹೊತ್ತು ತಂದು ಮುಂದಿಟ್ಟಿದ್ದರು. ಬಾಯಿಂದ ಏನು ಬಿತ್ತು ಎಂದು ಅವರಿಗೆ ಹೊಳೆದದ್ದು, ಕಾವಲುಗಾರ "ನನ್ನ ಕೀನಾ?" ಎಂದು ಸೊಂಟ ಮುಟ್ಟಿ ನೋಡಿಕೊಂಡಾಗ. ಮೊದಲು ನಕ್ಕವರು ಆಚೆಯ ವಿದ್ಯಾರ್ಥಿಗಳು, ಆಮೇಲೆ ಈಚೆಯ ಹೆಂಗಸರು. ಕೊನೆಗೆ ಸಾಹೇಬರೂ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಯಜಮಾನರ ಮೀಸೆಯೊಂದೇ ಗಂಭೀರವಾಗಿತ್ತು.

"ಆಯ್ತಮ್ಮ," ಎಂದರು ಸಾಹೇಬರು, ನಗು ತಡೆದು. "ನಿಮ್ಮನ್ನ ನಂಬ್ತೀನಿ. ಈ ಗೇಟಿಗೆ ಏನು ಮಾಡೋಣ, ನೀವೇ ಹೇಳಿ."

ಅಷ್ಟಕ್ಕೇ ಅವಳು ಕಾಯುತ್ತಿದ್ದಳು. ಚೀಲದಿಂದ ಒಂದು ಸರಪಳಿ, ಎರಡು ಹೊಸ ಬೀಗ ಬಂದವು. ಚಿಲಕದ ಹಳೆಯ ಬೀಗಗಳನ್ನು ಇಬ್ಬರಿಂದಲೂ ತೆಗೆಸಿ, ಸರಪಳಿಯನ್ನು ಗೇಟಿಗೂ ಕಂಬಕ್ಕೂ ಸುತ್ತಿದಳು. ಅದರ ಒಂದು ತುದಿಗೆ ಒಂದು ಬೀಗ, ಇನ್ನೊಂದು ತುದಿಗೆ ಇನ್ನೊಂದು. ಆಮೇಲೆ ಒಂದು ಬೀಗದ ಕೊಂಡಿಯನ್ನು ಇನ್ನೊಂದರ ಕೊಂಡಿಯೊಳಗೆ ತೂರಿಸಿ ಅದುಮಿದಳು. ಎರಡು ಬೀಗಗಳೂ ಸರಪಳಿಯ ಎರಡು ಕೊಂಡಿಗಳ ಹಾಗೆ ಒಂದಕ್ಕೊಂದು ಸಿಕ್ಕಿಕೊಂಡವು.

"ಇದು ನಿಮ್ಮದು, ಇದು ನಮ್ಮದು. ನೀವು ನಿಮ್ಮದನ್ನ ತೆಗೆದ್ರೂ ಸರಪಳಿ ಬಿಚ್ಚುತ್ತೆ, ನಾವು ನಮ್ಮದನ್ನ ತೆಗೆದ್ರೂ ಬಿಚ್ಚುತ್ತೆ. ಯಾರೂ ಯಾರಿಗೂ ಕಾಯೋ ಹಾಗಿಲ್ಲ. ಮುಚ್ಚುವಾಗ ಮಾತ್ರ ಒಂದು ನೆನಪಿಟ್ಕೊಳ್ಳಿ, ನಿಮ್ಮ ಬೀಗಾನ ನಮ್ಮ ಬೀಗಕ್ಕೇ ಹಾಕ್ಬೇಕು. ಅದನ್ನ ಬಿಟ್ಟು ಬರೀ ಸರಪಳಿಗೆ ಹಾಕಿದ್ರೆ ನಾವು ಹೊರಗೆ. ನಾವು ಹಾಗೆ ಮಾಡಿದ್ರೆ ನೀವು ಹೊರಗೆ."

"ತೆಗೆದವರು ಯಾರು ಅಂತ ಗೊತ್ತಾಗೋದು ಹೇಗೆ?"

"ಬೀಗ ತೆರೆದಿರೋ ತನಕ ಕೀ ಈಚೆ ಬರಲ್ಲ ಸಾರ್, ಒಳಗೇ ಕಚ್ಕೊಂಡಿರುತ್ತೆ. ಆ ಥರದ್ದೇ ಬೀಗ ಇವು. ಕೀ ಮೇಲೆ ನಂಬರು ಕೊರೆದಿದೀನಿ. ಯಾರು ತೆಗೆದ್ರೋ ಅವರ ನಂಬರು ಎಲ್ಲರ ಮುಂದೆ ನೇತಾಡ್ತಿರುತ್ತೆ."

ಸಾಹೇಬರು ತಮ್ಮ ಬೀಗ ತೆಗೆದರು, ಸರಪಳಿ ಬಿಚ್ಚಿತು. ಮತ್ತೆ ಹಾಕಿದರು. ಯಜಮಾನರನ್ನು ಜನ ಮುಂದಕ್ಕೆ ತಳ್ಳಿದರು, ಅವರೂ ತೆಗೆದರು, ಹಾಕಿದರು. ಇನ್ನೊಮ್ಮೆ ತೆಗೆದರು. ಇಬ್ಬರು ದೊಡ್ಡವರು ಆಟಿಕೆ ಸಿಕ್ಕ ಮಕ್ಕಳ ಹಾಗೆ ಸರದಿಯ ಮೇಲೆ ಬೀಗ ತೆಗೆದು ಹಾಕುತ್ತ ನಿಂತರು. ಹತ್ತು ನಿಮಿಷ ಯಾವಾಗಲೋ ಮುಗಿದಿತ್ತು.

"ಸಾಹೇಬ್ರೇ, ಇಟ್ಟಿಗೆ ಏನ್ ಮಾಡೋಣ?" ಎಂದು ಗಾರೆಯವನು ಕೇಳಿದ.

ಫಿಸಿಯೋಥೆರಪಿಯ ಹುಡುಗಿ ಹಿಂದಿನಿಂದಲೇ ಕೂಗಿದಳು, "ಗೇಟಿಗೆ ಮೆಟ್ಟಿಲಿದೆ ಸಾರ್, ನಮ್ಮ ರೋಗಿಗಳಿಗೆ ಹತ್ತೋಕಾಗಲ್ಲ! ಇಳಿಜಾರು ಕಟ್ಟಿಸಿ!" ಸಾಹೇಬರು ಗಾರೆಯವನ ಕಡೆ ನೋಡಿ ತಲೆಯಾಡಿಸಿದರು. ಮುಚ್ಚಲು ತಂದ ಇಟ್ಟಿಗೆಗಳು ಮಧ್ಯಾಹ್ನದೊಳಗೆ ಗೇಟಿನ ಎರಡೂ ಕಡೆ ದಾರಿಯಾಗಿ ಮಲಗಿದವು.

ಹದಿನೈದು ದಿನದಲ್ಲಿ ಕಂಪ್ಯೂಟರುಗಳೂ ಸಿಕ್ಕವು, ಒಳಗೆ ಬಣ್ಣ ಬಳಿಯಲು ಕೀ ಪಡೆದಿದ್ದ ಗುತ್ತಿಗೆದಾರನ ಉಗ್ರಾಣದಲ್ಲಿ. ಸಾಹೇಬರು ಕಾಗದ ಕಳಿಸಲಿಲ್ಲ, ತಾವೇ ನಡೆದು ಬಂದು ಗಿರಣಿಯ ಮುಂದೆ ನಿಂತು, ತಪ್ಪಾಯಿತು ಎಂದರು. ಗಿರಣಿಯ ಸದ್ದಿನಲ್ಲಿ ಯಜಮಾನರಿಗೆ ಕೇಳಿಸಲಿಲ್ಲವಂತೆ, ಮೂರು ಸಲ ಹೇಳಿಸಿದರು. ಮೂರನೆಯ ಸಲಕ್ಕೆ ಕುರ್ಚಿ ಹಾಕಿ ಚಹಾ ತರಿಸಿದರು. ಅಂದಿನಿಂದ ಬೈಕು, ಬೆಡ್‌ಶೀಟು, ಹಾಡು ಎಲ್ಲದರ ಜಗಳವೂ ಆ ಕುರ್ಚಿಯಲ್ಲೇ ಆಗತೊಡಗಿತು. ಜಗಳ ನಿಂತಿತು ಎಂದು ನಾನು ಹೇಳುವುದಿಲ್ಲ, ಕೂತು ಆಡುವ ಹಂತಕ್ಕೆ ಬಂತು. ಬೈಕುಗಳಿಗೆ ಒಳಗೇ ಜಾಗವಾಯಿತು. ಬೀದಿಯ ಮಕ್ಕಳು ಲೈಬ್ರರಿಯ ಒಳಗೇ ಹೋಗಿ ಕೂತರು.

ಹೊಸ ಹಾಸ್ಟೆಲಿನ ಮುನ್ನೂರು ಕೋಣೆಗಳ ಬೀಗದ ಕೆಲಸವೂ ಬೀಗದಕ್ಕನಿಗೇ ಬಂತು. ಕಟ್ಟಳೆ ಕಟ್ಟಳೆಯ ಹಾಗೇ ಇತ್ತು, ಆದ್ದರಿಂದ ಕೀ ಕಳೆದುಕೊಂಡ ಪ್ರತಿಯೊಬ್ಬ ವಿದ್ಯಾರ್ಥಿಯೂ ಗೇಟು ದಾಟಿ ಬಂದು ಅವಳೆದುರು ನಿಲ್ಲಬೇಕು, ಆಮೇಲೆ ಅವಳನ್ನು ಕರೆದುಕೊಂಡು ಹೋಗಿ ಕೋಣೆ ತೋರಿಸಬೇಕು. ದಾರಿಯಲ್ಲಿ ಊರು ಯಾವುದು, ಊಟ ಆಯಿತೇ, ಅಮ್ಮನಿಗೆ ಫೋನು ಮಾಡಿದೆಯಾ ಎಂದು ವಿಚಾರಣೆ. ವರ್ಷ ಕಳೆಯುವುದರೊಳಗೆ ಗೋಡೆಯಾಚೆಯ ಅರ್ಧ ಜನ ಅವಳನ್ನು ಅಕ್ಕಾ ಎನ್ನುತ್ತಿದ್ದರು. ಅವಳಿಗೆ ಹೆಮ್ಮೆಯಾಗುತ್ತಿತ್ತು, ಅದನ್ನು ಮುಚ್ಚಿಡಲೂ ಇಲ್ಲ.

ಆದರೆ ಅವಳ ಗೆಲುವು ಅದಾವುದೂ ಅಲ್ಲ. ಗೇಟು ತೆರೆದ ಏಳನೆಯ ತಿಂಗಳ ಒಂದು ಬೆಳಗ್ಗೆ, ಆರಕ್ಕೆ ಐದು ನಿಮಿಷವಿರುವಾಗ, ಡ್ರೈವರ್ ಭಾವ ಮನೆಯಿಂದ ಹೊರಟ. ಕೋಲು ಎಡಗೈಯಲ್ಲಿ. ಬೀದಿಯ ಪಾಲಿನ ಕೀ ಆ ವಾರ ಬೀಗದಕ್ಕನ ಹತ್ತಿರವಿತ್ತು, ಅವಳು ತೆಗೆಯಲು ಹೋಗುವಾಗ ಅವನು ಅಂಗಡಿಯ ಮುಂದೆ ದಾರಿಗೆ ಅಡ್ಡ ನಿಂತು ಕೈ ಚಾಚಿದ. ಬಲಗೈ. "ನಾನು" ಎಂದ.

ಅವಳು ಕೊಟ್ಟಳು. ಆ ಎಂಟು ಹೆಜ್ಜೆಯ ದೂರ ನಡೆದು ಕೋಲನ್ನು ಗೇಟಿಗೆ ಒರಗಿಸಿದ. ಕೀ ಬೀಗದ ಬಾಯಿಗೆ ತಾಗಿತು, ಜಾರಿತು. ಮತ್ತೆ ತಾಗಿತು, ಮತ್ತೆ ಜಾರಿತು. ಬೆರಳುಗಳು ಮಾತು ಕೇಳುತ್ತಿರಲಿಲ್ಲ. ಅಷ್ಟರಲ್ಲಿ ಬೆಳಗಿನ ಕೆಲಸಕ್ಕೆ ಹೋಗುವವರು ಹಿಂದೆ ಸೇರಿದರು. ಗಿರಣಿ ಯಜಮಾನರೂ ಇದ್ದರು. "ಭಾವ, ನಾನು ತೆಗೀಲಾ?" ಎಂದರು.

"ಸುಮ್ನಿರಿ!" ಎಂದಳು ಬೀಗದಕ್ಕ.

ಗೇಟಿನಾಚೆ ಕಾವಲುಗಾರ ಬಂದ, ಅವನ ಹಿಂದೆ ಬೆಳಗಿನ ನಡಿಗೆಗೆ ಬಂದ ಸಾಹೇಬರು. ಕಾವಲುಗಾರ ತನ್ನ ಕೀಯನ್ನು ಆ ಕಡೆಯ ಬೀಗದ ಹತ್ತಿರ ತಂದ. ಒಂದು ತಿರುವು ಸಾಕಿತ್ತು, ಸರಪಳಿ ಬಿದ್ದುಹೋಗುತ್ತಿತ್ತು. ಸಾಹೇಬರು ಅವನ ಮಣಿಕಟ್ಟು ಹಿಡಿದು ಮೆಲ್ಲಗೆ ಕೆಳಗಿಳಿಸಿದರು. ಆರು ಹೊಡೆಯಿತು, ಐದು ನಿಮಿಷ ದಾಟಿತು. ಎರಡೂ ಕಡೆ ಜನ ಹೆಚ್ಚುತ್ತಲೇ ಇದ್ದರು. ತಡವಾಗುತ್ತದೆ ಎಂದು ಒಬ್ಬರೂ ಅನ್ನಲಿಲ್ಲ.

ಕೀ ಒಳಹೊಕ್ಕಿತು. ಭಾವ ಹಲ್ಲು ಕಚ್ಚಿದ. ಹಣೆಯಲ್ಲಿ ಬೆವರು. ಹೆಬ್ಬೆರಳು ಒತ್ತಿತು, ಮಣಿಕಟ್ಟು ತಿರುಗಿತು, ಬೀಗ ಟಕ್ಕೆಂದು ಬಾಯಿಬಿಟ್ಟಿತು. ಸರಪಳಿ ಝಲ್ಲೆಂದು ಜಾರಿ ಕಂಬಕ್ಕೆ ನೇತುಬಿತ್ತು.

ಅವನು ಬಲಗೈಯಿಂದಲೇ ಗೇಟನ್ನು ತಳ್ಳಿದ, ಕೋಲು ತೆಗೆದುಕೊಂಡ, ಆಚೆಗೆ ನಡೆದ. ಬೀಗದಕ್ಕ ಹಿಂದೆ ಹೋಗಲಿಲ್ಲ, ಹೋಗಬೇಕಾಗಿರಲಿಲ್ಲ. ಅಂಗಡಿಯ ಮುಂದೆ ನಿಂತು, ಕಣ್ಣೀರು ಒರೆಸಿಕೊಳ್ಳಲೂ ಮರೆತು, ಗೋಡೆಯ ಎರಡೂ ಕಡೆಯವರಿಗೆ ಕೇಳುವಂತೆ ಕೂಗಿದಳು.

"ನೋಡಿದ್ರಾ? ತೆಗೆದ್ರು! ಅವರೇ ತೆಗೆದ್ರು!"